ಝಡ್‌ರ‍್ಯಾಮ್ ಇದ್ದಾಗ ಸ್ವಾಪಿನೆಸ್ ಎಷ್ಟಿಡಬೇಕು?

ಪ್ರಶ್ನೆ: 4 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಫೆಡೋರಾ ಲಿನಕ್ಸ್ ಇದೆ, ಝಡ್‌ರ‍್ಯಾಮ್ (ರ‍್ಯಾಮ್‌ನಲ್ಲೇ ಡೇಟಾ ಕುಗ್ಗಿಸಿಡುವ ಸ್ವಾಪ್, ಅಂದರೆ ರ‍್ಯಾಮ್ ಸಾಲದಾದಾಗ ಡೇಟಾ ಸರಿಸುವ ಜಾಗ) ಆನ್. ಫೈರ್‌ಫಾಕ್ಸ್ ಟ್ಯಾಬ್ ಜಾಸ್ತಿಯಾದರೆ ಮೌಸ್ ಕೂಡ ತಡವರಿಸುತ್ತದೆ. ಸ್ವಾಪಿನೆಸ್ (ಸ್ವಾಪ್ ಕಡೆಗೆ ಎಷ್ಟು ಒಲವಿರಬೇಕು ಅನ್ನೋ ಸೆಟ್ಟಿಂಗ್) 10 ಇಟ್ಟಿದ್ದೇನೆ. ಕಮ್ಮಿ ಇದ್ದಷ್ಟೂ ಒಳ್ಳೇದು ಅಲ್ವಾ?

ಉತ್ತರ: ಆ ಸಲಹೆ ಹಾರ್ಡ್ ಡಿಸ್ಕ್ ಸ್ವಾಪ್‌ಗೆ ಸರಿ. ಝಡ್‌ರ‍್ಯಾಮ್‌ನಲ್ಲಿ ಪುಟಗಳು (ಮೆಮೊರಿಯ ಚಿಕ್ಕ ತುಂಡುಗಳು) ಕುಗ್ಗಿ ರ‍್ಯಾಮ್‌ನೊಳಗೇ ಇರುತ್ತವೆ. ಅವನ್ನು ಬಿಚ್ಚುವುದು ಡಿಸ್ಕ್ ಓದುವುದಕ್ಕಿಂತ ಎಷ್ಟೋ ಬೇಗ. 10 ಇಟ್ಟರೆ ಕರ್ನಲ್ (ಲಿನಕ್ಸ್‌ನ ತಿರುಳು) ಫೈಲ್ ಕ್ಯಾಶನ್ನೇ, ಅಂದರೆ ಡಿಸ್ಕ್‌ನಿಂದ ಓದಿ ರ‍್ಯಾಮ್‌ನಲ್ಲಿಟ್ಟ ಫೈಲ್‌ಗಳನ್ನೇ, ಬಿಸಾಡುತ್ತದೆ, ಆಮೇಲೆ ಅದನ್ನೇ ಡಿಸ್ಕ್‌ನಿಂದ ಮತ್ತೆ ಓದುತ್ತದೆ. ನಿಮ್ಮ ತಡವರಿಕೆ ಅಲ್ಲಿಂದಲೇ ಬರುತ್ತಿರಬೇಕು. ಕರ್ನಲ್ 5.8ರಿಂದ 200ರವರೆಗೂ ಇಡಬಹುದು. ನಾನು 150 ಇಡುತ್ತೇನೆ.

ಇನ್ನೊಂದು ಉತ್ತರ: ಪೇಜ್-ಕ್ಲಸ್ಟರ್ (ಸ್ವಾಪ್‌ನಿಂದ ಒಂದೇ ಸಲ ಎಷ್ಟು ಪುಟ ತರಬೇಕು ಅನ್ನೋ ಸೆಟ್ಟಿಂಗ್) ಕೂಡ 0 ಮಾಡಿ. ಡೀಫಾಲ್ಟ್ 3 ಇದ್ದರೆ ಒಂದು ಪುಟ ಕೇಳಿದಾಗ 8 ಪುಟದವರೆಗೂ ಬಿಚ್ಚಬಹುದು. ಇಲ್ಲಿ ಅದು ಸುಮ್ನೆ ಸಿಪಿಯುಗೆ ದಂಡ.

ಕೇಳಿದವರು: ಎರಡೂ ಬದಲಿಸಿದೆ ಸರ್. ಝಡ್‌ರ‍್ಯಾಮ್‌ಸಿಟಿಎಲ್ (ಅದರ ಸ್ಥಿತಿ ತೋರಿಸುವ ಕಮಾಂಡ್) ಪ್ರಕಾರ 1.8 ಜಿಬಿ ಡೇಟಾ 540 ಎಂಬಿಯಲ್ಲಿ ಕೂತಿದೆ. ಮೌಸ್ ಈಗ ಸಲೀಸು. ತುಂಬಾ ಥ್ಯಾಂಕ್ಸ್.