ಮಕ್ಕಳಿಗೆ ಪಶ್ಚಿಮ ಘಟ್ಟ ಪರಿಚಯಿಸುವುದು ಹೇಗೆ? ಅನುಭವ ಹೇಳಿ

ಬನಶಂಕರಿ ಅಮ್ಮ: ಮಗಳು ಏಳನೇ ಕ್ಲಾಸ್. ಪಶ್ಚಿಮ ಘಟ್ಟ ಅಂದರೆ ಅವಳಿಗೆ ಮ್ಯಾಪಿನ ಹಸಿರು ಪಟ್ಟಿ ಅಷ್ಟೇ. ದಸರಾ ರಜೆಯಲ್ಲಿ ಏನು ಮಾಡಿಸಬಹುದು? ಘಾಟ್ ರಸ್ತೆಯಲ್ಲಿ ಅವಳಿಗೆ ವಾಂತಿ ಆಗುತ್ತದೆ.

ವಿಜಯನಗರ ಅಪ್ಪ: ಮನೆಯಲ್ಲೇ ಮಾಡೆಲ್ ಮಾಡಿ. ನಾವು ಮಾಡಿದ್ದೇವೆ. ಪ್ಲೈವುಡ್ 850 ರೂಪಾಯಿ, ಪ್ಲಾಸ್ಟರ್ ಆಫ್ ಪ್ಯಾರಿಸ್ 640, ಬಣ್ಣ ವಾರ್ನಿಶ್ 720. ಒಣಗುವಾಗ ಬಾಬಾಬುಡನ್‌ಗಿರಿ ನಡುವೆ ಬಿರುಕು ಬಿಟ್ಟಿತು. 640 ನೀರುಪಾಲು. ಆಮೇಲೆ ಹಳೆ ಪೇಪರ್ ನೆನೆಸಿ, ಮೈದಾ ಅಂಟು ಕಲಸಿ ಮಾಡಿದ್ದು ಗಟ್ಟಿಯಾಗಿ ನಿಂತಿತು. ಎತ್ತರದ ಲೆಕ್ಕ ಮುಖ್ಯ. 1 ಸೆಂ.ಮೀ.ಗೆ 5 ಕಿ.ಮೀ. ಹಿಡಿದರೆ 1,930 ಮೀಟರಿನ ಮುಳ್ಳಯ್ಯನಗಿರಿ 4 ಮಿ.ಮೀ. ಕೂಡ ಬರುವುದಿಲ್ಲ. ಎತ್ತರ ಹತ್ತು ಪಟ್ಟು ಮಾಡಲೇಬೇಕು. ಪಶ್ಚಿಮಕ್ಕೆ ಕಡಿದು, ಪೂರ್ವಕ್ಕೆ ನಿಧಾನ ಇಳಿಜಾರು. ಮೇಲಿಂದ ನೀರು ಸುರಿದಾಗ ನೇತ್ರಾವತಿ ಮಂಗಳೂರಿಗೆ, ಹೇಮಾವತಿ ಕಾವೇರಿ ಕಡೆಗೆ ಹರಿದಳು. ಮಗನ ಮುಖ ನೋಡಬೇಕಿತ್ತು!

ಬಸವನಗುಡಿ ತಾತ: ಹತ್ತು ಪಟ್ಟಾ? ಸಹ್ಯಾದ್ರಿ ಅಂದರೆ ನೆಟ್ಟಗೆ ನಿಂತ ಗೋಡೆ ಅಂತ ಮಗು ಸುಳ್ಳು ಕಲಿಯುತ್ತದೆ. ರೈಲಿನಲ್ಲಿ ಕರೆದುಕೊಂಡು ಹೋಗಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿ.ಮೀ., 57 ಸುರಂಗ. ನಾವು ಗಾಜಿನ ಬೋಗಿಯಲ್ಲಿ ಹೋದೆವು. ನಾಲ್ವರಿಗೆ ಐದೂವರೆ ಸಾವಿರದ ಮೇಲಾಯಿತು. ಪೂರ್ತಿ ಮಂಜು, ಕಣಿವೆ ಒಂದು ಚೂರೂ ಕಾಣಲಿಲ್ಲ. ದುಡ್ಡು ಹೋಯಿತು ಅಂತ ಹೊಟ್ಟೆ ಉರಿಯಿತು. ಆದರೂ ಘಟ್ಟ ಇಳಿದದ್ದು ಮೊಮ್ಮಗಳ ಕಿವಿಗೇ ಗೊತ್ತಾಯಿತು, ಗುಂಯ್ ಅಂತ ಕಟ್ಟಿಕೊಂಡಿತ್ತು. ಪೇಪರ್ ಗುಡ್ಡ ಅದನ್ನು ಕಲಿಸುತ್ತದಾ?

ಯಲಹಂಕ ಟೀಚರ್: ಮಳೆಯಿಂದ ಶುರು ಮಾಡಿ. ಕಡಲ ಗಾಳಿ ಘಟ್ಟ ಹತ್ತುತ್ತಾ ತಣ್ಣಗಾಗಿ ಅಲ್ಲೇ ಮಳೆ ಸುರಿಸುತ್ತದೆ. ಆಗುಂಬೆಗೆ ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ, ಬೆಂಗಳೂರಿಗೆ ಸುಮಾರು 1,000. ಎರಡನೇ ಮಹಡಿಯಿಂದ 7 ಮೀಟರ್ ಹಗ್ಗ ಇಳಿಬಿಟ್ಟೆ, ಪಕ್ಕದಲ್ಲಿ 1 ಮೀಟರಿನದು. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಖರ್ಚು 60 ರೂಪಾಯಿ. ಸುಮ್ನೆ ಸಾವಿರಗಟ್ಟಲೆ ಸುರಿಯಬೇಡಿ.

ವಿಜಯನಗರ ಅಪ್ಪ: ಹಗ್ಗ ನೋಡಿದರೆ ಘಟ್ಟದ ಆಕಾರ ಗೊತ್ತಾಗುತ್ತಾ ಟೀಚರ್?

ಸಕಲೇಶಪುರದವನು, ಈಗ ನಾಗರಬಾವಿ: ನಿಮಗೆಲ್ಲ ಘಟ್ಟ ಅಂದರೆ ರಜೆಯ ಪ್ರಾಜೆಕ್ಟ್ ಅಲ್ವಾ? 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ಜನ ಸತ್ತರು. ನೀವು ಹೇಳುವ ರೈಲು ಹಳಿಯ ಮೇಲೂ ಆಗ ಮಣ್ಣು ಬಿತ್ತು. ಅದೂ ಭೂಗೋಳವೇ, ಅದನ್ನೂ ಹೇಳಿಕೊಡಿ. ನಮ್ಮ ತೋಟದ ಬೇಲಿ ಪಕ್ಕ ಪ್ರತಿ ಸೋಮವಾರ ಬಾಟಲಿ ಹೆಕ್ಕುವವರು ನಾವು.

ಬಸವನಗುಡಿ ತಾತ: ನಾನು ಕಿಟಕಿಯಿಂದ ಒಂದು ಕಾಗದವನ್ನೂ ಎಸೆದವನಲ್ಲ. ನನಗೇಕೆ ಹೇಳುತ್ತೀರಿ?

ನಾಗರಬಾವಿ: ನಿಮಗಲ್ಲ ಸರ್. ಕಾರಿನಲ್ಲಿ ಬರುವವರಿಗೆ.

ವಿಜಯನಗರ ಅಪ್ಪ: ನಾವು ಕಾರಿನಲ್ಲೇ ಹೋಗುತ್ತೇವೆ, ಕಸ ವಾಪಸ್ ತರುತ್ತೇವೆ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.