ಹೌಸ್ ಪದ್ಧತಿಯಲ್ಲಿ ಎಲ್ಲ ಮಕ್ಕಳನ್ನೂ ಕಣಕ್ಕಿಳಿಸುವುದು ಹೇಗೆ?

ಬ್ರಹ್ಮಾವರ ಟೀಚರ್:
ನಮ್ಮದು ಅನುದಾನಿತ ಕನ್ನಡ ಮಾಧ್ಯಮ ಪ್ರೌಢಶಾಲೆ. 8ರಿಂದ 10ನೇ ತರಗತಿವರೆಗೆ 232 ಮಕ್ಕಳು. ಜೂನ್‌ನಿಂದ ಸ್ವರ್ಣಾ, ಸೀತಾ, ಶಾಂಭವಿ, ಸೌಪರ್ಣಿಕಾ ಎಂದು ನಾಲ್ಕು ಹೌಸ್, ಅಂದರೆ ಎಲ್ಲ ತರಗತಿಯ ಮಕ್ಕಳೂ ಸೇರಿದ ತಂಡ, ಮಾಡುತ್ತಿದ್ದೇವೆ. ಕ್ರೀಡಾಕೂಟದ ದಿನ ಪಥಸಂಚಲನ ಮಾಡಿಸಿ ಮರುದಿನ ಮರೆತುಬಿಡುವ ಹೌಸ್ ಬೇಡ. ಓಡುವವರು, ಹಾಡುವವರು ಹೇಗೂ ಬರುತ್ತಾರೆ. ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುವವರು ಏಳಬೇಕು. ಮಕ್ಕಳನ್ನು ಹಂಚುವುದು, ಅಂಕ ಕೊಡುವುದು ಹೇಗೆ? ಓದಿಗೂ ಅಂಕ ಇಡಬಹುದೇ?

ಪಿ.ಇ. ಮಾಸ್ಟ್ರು, ಮೂಲ್ಕಿ:
ಟೀಚರ್, ಆರಿಸುವ ಕೆಲಸ ಕ್ಯಾಪ್ಟನ್‌ಗಳಿಗೆ ಕೊಡಲೇಬೇಡಿ. ಕೊನೆಗೆ ಉಳಿದ ಮಗು ಅಲ್ಲೇ ಮುದುಡಿಹೋಗುತ್ತದೆ. ಪ್ರತಿ ತರಗತಿಯ ಹುಡುಗರದ್ದೊಂದು, ಹುಡುಗಿಯರದ್ದೊಂದು ಪಟ್ಟಿ ಮಾಡಿ, ಕಳೆದ ವರ್ಷದ ಅಂಕದ ಕ್ರಮದಲ್ಲಿ ಬರೆಯಿರಿ. ಮೊದಲ ನಾಲ್ವರಿಗೆ ಹೌಸ್ 1-2-3-4, ಮುಂದಿನ ನಾಲ್ವರಿಗೆ 4-3-2-1, ಹೀಗೆ ಹಿಂದೆ ಮುಂದೆ ಹಂಚುತ್ತಾ ಹೋಗಿ. ಪ್ರತಿ ಸುತ್ತನ್ನೂ ಒಂದರಿಂದಲೇ ಶುರು ಮಾಡಿದರೆ ಪ್ರತಿ ನಾಲ್ವರಲ್ಲಿ ಮುಂದಿರುವವರೆಲ್ಲ ಒಂದೇ ಹೌಸಿಗೆ ಹೋಗುತ್ತಾರೆ. ಆಮೇಲೆ ಕಬಡ್ಡಿ, ವಾಲಿಬಾಲ್ ಆಟಗಾರರು ಒಂದೇ ಕಡೆ ಸೇರಿದ್ದಾರೋ ನೋಡಿ, ಅದೇ ತರಗತಿಯಲ್ಲಿ ಅದಲುಬದಲು ಮಾಡಿ. ಅಣ್ಣ-ತಂಗಿ ಒಂದೇ ಹೌಸಿನಲ್ಲಿರಲಿ. ಸೇರಿದ ಹೌಸ್ 10ನೇ ಮುಗಿಯುವವರೆಗೆ ಬದಲಾಗಬಾರದು.

ವೈಯಕ್ತಿಕ ಸ್ಪರ್ಧೆಗೆ 5-3-1, ಗುಂಪಿಗೆ 10-6-4 ಅಂಕ ಸಾಕು. ಕೊನೆಯವರೆಗೆ ಭಾಗವಹಿಸಿದವರಿಗೆಲ್ಲ ಒಂದೊಂದು. ಒಬ್ಬರಿಗೆ ಎರಡು ವೈಯಕ್ತಿಕ, ಒಂದು ಗುಂಪು ಸ್ಪರ್ಧೆ, ಅದಕ್ಕಿಂತ ಹೆಚ್ಚಿಲ್ಲ. ಈ ಮಿತಿ ಇಲ್ಲದಿದ್ದರೆ 100 ಮೀಟರ್, 200 ಮೀಟರ್, ಉದ್ದ ಜಿಗಿತ ಎಲ್ಲದಕ್ಕೂ ಒಬ್ಬಳೇ ನಿಲ್ಲುತ್ತಾಳೆ, ಕ್ಯಾಪ್ಟನ್ ಬೇರೆಯವರ ಮುಖವನ್ನೂ ನೋಡುವುದಿಲ್ಲ.

ಇನ್ನೊಂದು ನಿಯಮ ಹಾಕಿ: ಹೌಸಿನ ಶೇ. 80 ಮಕ್ಕಳು ಒಂದಾದರೂ ಸ್ಪರ್ಧೆಗೆ ಇಳಿದರೆ 25 ಅಂಕ. ನಿಮ್ಮಲ್ಲಿ ಹೌಸಿಗೆ 58 ಮಕ್ಕಳು, ಅಂದರೆ 47 ಮಂದಿ ಬೇಕು. ಒಳ್ಳೆಯ ಓಟಗಾರ ಎರಡು ಪ್ರಥಮ ತಂದರೂ 10 ಅಂಕವಷ್ಟೇ. ಹಾಗಾಗಿ 47ನೆಯ ಮಗುವನ್ನು ಹುಡುಕಿಕೊಂಡು ಕ್ಯಾಪ್ಟನ್ ತಾನೇ ಬರುತ್ತಾನೆ.

ಗಣಿತ ಟೀಚರ್, ಸುರತ್ಕಲ್:
ಓದಿಗೂ ಇಡಿ, ಆದರೆ ತರಗತಿಗೆ ಮೊದಲು ಬಂದವರಿಗೆ ಬೇಡ. ಅವರು ಯಾರೆಂದು ಜೂನ್‌ನಲ್ಲೇ ಎಲ್ಲರಿಗೂ ಗೊತ್ತು. ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) 1ರಿಂದ ಎಫ್‌ಎ-2ಕ್ಕೆ ಯಾವುದಾದರೂ ಎರಡು ವಿಷಯದಲ್ಲಿ ಶೇ. 10ರಷ್ಟು ಮೇಲೇರಿದವರಿಗೆ 2 ಅಂಕ, ಶೇ. 90 ದಾಟಿದವರು ಅಲ್ಲೇ ಉಳಿದುಕೊಂಡರೂ ಅಷ್ಟೇ. ಎಫ್‌ಎಯನ್ನು ಎಸ್‌ಎ (ಸಂಕಲನಾತ್ಮಕ ಮೌಲ್ಯಮಾಪನ) ಜೊತೆ ಹೋಲಿಸಬೇಡಿ. ಎಸ್‌ಎಯಲ್ಲಿ ಪಾಠದ ವ್ಯಾಪ್ತಿಯೇ ಬೇರೆ, ಎಲ್ಲರೂ ಇಳಿದಂತೆ ಕಾಣುತ್ತದೆ. ಅಂಕದ ಫಲಕದಲ್ಲಿ ಹೌಸಿನ ಮೊತ್ತ ಮಾತ್ರ ಬರೆಯಿರಿ, ಮಗುವಿನ ಅಂಕ ಬೇಡ.

ತಡವಾಗಿ ಬಂದರೆ, ಯೂನಿಫಾರ್ಮ್ ಇಲ್ಲದಿದ್ದರೆ ಅಂಕ ಕಳೆಯುವುದು ಖಂಡಿತ ಬೇಡ. ಜುಲೈ ಮಳೆಗೆ ಬಸ್ ತಪ್ಪಿಸಿಕೊಂಡ ಒಂದು ಮಗುವಿನ ಮೇಲೆ ಉಳಿದ 57 ಮಕ್ಕಳ ಸಿಟ್ಟು ಬೀಳುತ್ತದೆ. ಇನ್ನೊಮ್ಮೆ ತಡವಾದರೆ ಆ ಮಗು ಶಾಲೆಗೇ ಬರುವುದಿಲ್ಲ.

ಹೌಸ್ ಪದ್ಧತಿ ಸೊರಗುವುದು ಹೆಚ್ಚಾಗಿ ಡಿಸೆಂಬರ್ ಹೊತ್ತಿಗೆ. ಮೊದಲ ಹೌಸ್ 150 ಅಂಕ ಮುಂದಿದ್ದರೆ ಕೊನೆಯವರು ಹೆಸರು ಕೊಡುವುದನ್ನೇ ನಿಲ್ಲಿಸುತ್ತಾರೆ. ವರ್ಷವನ್ನು ಮೂರು ಅವಧಿ ಮಾಡಿ, ಪ್ರತಿ ಅವಧಿಯನ್ನೂ ಸೊನ್ನೆಯಿಂದ ಆರಂಭಿಸಿ. ಅವಧಿಯ ಸ್ಥಾನಕ್ಕೆ 4-3-2-1 ಕೊಟ್ಟು, ಅದನ್ನು ಕೂಡಿಸಿ ವರ್ಷದ ಪರ್ಯಾಯ ಫಲಕ ಕೊಡಿ.

ಬ್ರಹ್ಮಾವರ ಟೀಚರ್:
ತುಂಬಾ ಉಪಕಾರ. ಅರ್ಧಕ್ಕರ್ಧ ಮಕ್ಕಳು ಬಸ್ಸಿನವರು, ಸಂಜೆ ನಿಲ್ಲಿಸುವ ಹಾಗಿಲ್ಲ. ಆಗಸ್ಟ್‌ವರೆಗೆ ಅಂಗಳದಲ್ಲಿ ನೀರು. ಏನು ಮಾಡುವುದು?

ಪಿ.ಇ. ಮಾಸ್ಟ್ರು, ಮೂಲ್ಕಿ:
ಸ್ಪರ್ಧೆ ಶಾಲಾ ಅವಧಿಯೊಳಗೇ ಮುಗಿಯಬೇಕು. ಸಂಜೆಗೆ ಇಟ್ಟರೆ ಶೇ. 80ರ ನಿಯಮಕ್ಕೆ ಅರ್ಥವೇ ಇಲ್ಲ. ಶನಿವಾರದ ಕೊನೆಯ ಪಿರಿಯಡ್ ಹೌಸಿಗೆ ಬರೆದಿಡಿ. ಮಳೆ ರಜೆ ಸರಿದೂಗಿಸಲು ಶನಿವಾರ ಇಡೀ ದಿನ ತರಗತಿ ನಡೆಸಬೇಕಾಗಿ ಬಂದರೂ ಆ ಪಿರಿಯಡನ್ನು ಪಾಠಕ್ಕೆ ಬಿಟ್ಟುಕೊಡಬೇಡಿ. ಮಳೆಗಾಲದಲ್ಲಿ ಚೆಸ್, ಕೇರಂ, ರಸಪ್ರಶ್ನೆ, ಆಶುಭಾಷಣ, ಜನಪದ ಗೀತೆ, ರಂಗೋಲಿ. ಪ್ರತಿಭಾ ಕಾರಂಜಿಗೆ ಆಯ್ಕೆಯೂ ಇದರಲ್ಲೇ ಆಗಿಹೋಗುತ್ತದೆ. ಓಟ, ಜಿಗಿತ, ಕಬಡ್ಡಿ ನವೆಂಬರ್ ನಂತರ, ನೆಲ ಒಣಗಿದ ಮೇಲೆ.

ಟಿ-ಶರ್ಟಿಗೆ ಮಕ್ಕಳಿಂದ ದುಡ್ಡು ಎತ್ತಬೇಡಿ, ಬಣ್ಣದ ರಿಬ್ಬನ್ ಸಾಕು. ಅಂಕದ ಪುಸ್ತಕ ಒಬ್ಬರೇ ಶಿಕ್ಷಕರ ಕೈಯಲ್ಲಿರಲಿ, ಪ್ರತಿ ನಮೂದಿಗೂ ನಾಲ್ವರು ಕ್ಯಾಪ್ಟನ್‌ಗಳ ಸಹಿ ಹಾಕಿಸಿ. ಸೋಮವಾರ ಪ್ರಾರ್ಥನೆ ಆದ ಕೂಡಲೇ ಅಂಕ ಫಲಕಕ್ಕೆ ಏರಬೇಕು. ಎರಡು ವಾರ ಹಳೆಯ ಅಂಕವೇ ಇದ್ದರೆ ಮಕ್ಕಳು ಆ ಕಡೆ ನೋಡುವುದನ್ನೇ ಬಿಡುತ್ತಾರೆ.