ಕ್ಯಾಲ್ಸಿಯಂ ಫ್ಲೋರೈಡ್ ಕಾಯಿಸಿದರೆ ವಕ್ರೀಭವನ ಸೂಚ್ಯಂಕ ಏರುತ್ತಾ, ಇಳಿಯುತ್ತಾ?

ಪ್ರಶ್ನೆ:
ಎಂಎಸ್ಸಿ ಪ್ರಾಜೆಕ್ಟಿಗೆ 5 ಮಿಲಿಮೀಟರ್ ದಪ್ಪದ ಕ್ಯಾಲ್ಸಿಯಂ ಫ್ಲೋರೈಡ್ ಬಿಲ್ಲೆ ತಗೊಂಡಿದ್ದೇನೆ. ಹೀಲಿಯಂ-ನಿಯಾನ್ ಲೇಸರ್ (632.8 ನ್ಯಾನೋಮೀಟರ್) ಬಿಟ್ಟರೆ ಬಿಲ್ಲೆಯ ಮುಂದಿನ ಮುಖ, ಹಿಂದಿನ ಮುಖ ಎರಡರಿಂದಲೂ ವಾಪಸ್ ಬರುವ ಬೆಳಕು ಸೇರಿ ಪರದೆ ಮೇಲೆ ಫ್ರಿಂಜ್ (ಬೆಳಕು-ಕತ್ತಲೆಯ ಪಟ್ಟಿ) ಕಾಣುತ್ತದೆ. 30 ಡಿಗ್ರಿಯಿಂದ 70ಕ್ಕೆ ಕಾಯಿಸಿದಾಗ 10 ಫ್ರಿಂಜ್ ದಾಟಿದವು, ಎಲ್ಲವೂ ಬಿಲ್ಲೆಯ ತೆಳು ಅಂಚಿನ ಕಡೆಗೆ, ಅಂದರೆ ಬೆಳಕಿನ ದಾರಿ ಉದ್ದವಾಗಿದೆ. ಇದರಿಂದ ಸೂಚ್ಯಂಕದ (ಹರಳಿನೊಳಗೆ ಬೆಳಕು ಎಷ್ಟು ನಿಧಾನವಾಗುತ್ತದೆ ಎಂಬ ಅಳತೆ) ಬದಲಾವಣೆ ಲೆಕ್ಕ ಹಾಕಿದರೆ ಡಿಗ್ರಿಗೆ +0.0000158. ಪುಸ್ತಕದಲ್ಲಿ ಸುಮಾರು 0.000011, ಅದೂ ಮೈನಸ್! ಮೂರು ಸಲ ಮಾಡಿದೆ, ಮೂರು ಸಲವೂ ಅದೇ. ಎಲ್ಲಿ ತಪ್ಪಿದ್ದೇನೆ?

ಉತ್ತರ 1:
ಎಣಿಕೆ ಸರಿಯಾಗಿಯೇ ಇದೆ. ಆದರೆ ಕಾದಾಗ ಬಿಲ್ಲೆ ಹಿಗ್ಗುತ್ತದೆ ಅಲ್ವಾ? ಫ್ರಿಂಜ್ ತೋರಿಸುವುದು ಬರೀ ಸೂಚ್ಯಂಕವನ್ನಲ್ಲ, ಸೂಚ್ಯಂಕ ಮತ್ತು ದಪ್ಪದ ಗುಣಲಬ್ಧವನ್ನು. ಈ ಹರಳು ಹಿಗ್ಗುವುದು ಜಾಸ್ತಿ, ಡಿಗ್ರಿಗೆ 0.0000189. ಅದನ್ನು ಸೂಚ್ಯಂಕ 1.433ರಿಂದ ಗುಣಿಸಿದರೆ 0.0000271. ನಿಮ್ಮ 0.0000158ರಲ್ಲಿ ಇದನ್ನು ಕಳೆಯಿರಿ: −0.0000113. ಬಂತಲ್ಲ! ಸಿಲಿಕಾ ಗಾಜಾಗಿದ್ದರೆ ಹಿಗ್ಗುವುದು ಬರೀ 0.00000055, ಬಿಟ್ಟುಹೋದರೂ ಉತ್ತರ ತಲೆಕೆಳಗಾಗುತ್ತಿರಲಿಲ್ಲ.

ಉತ್ತರ 2:
ಮೈನಸ್ ಯಾಕೆ ಅಂತಲೂ ವರದಿಯಲ್ಲಿ ಬರೆಯಿರಿ. ಹಿಗ್ಗಿದಾಗ ಪರಮಾಣುಗಳು ದೂರ ಸರಿದು ಸಾಂದ್ರತೆ ಕಡಿಮೆಯಾಗುತ್ತದೆ, ಸೂಚ್ಯಂಕವೂ ಇಳಿಯುತ್ತದೆ. ಸಿಲಿಕಾನ್‌ನಲ್ಲಿ ಹಾಗಲ್ಲ. ಅಲ್ಲಿ ಕಾದಂತೆ ಬ್ಯಾಂಡ್ ಗ್ಯಾಪ್ (ಎಲೆಕ್ಟ್ರಾನ್ ಬಿಡುಗಡೆಯಾಗಿ ಓಡಾಡಲು ದಾಟಬೇಕಾದ ಶಕ್ತಿಯ ಅಂತರ) ಕಿರಿದಾಗುತ್ತದೆ, ಅದರ ಪರಿಣಾಮವೇ ಮೇಲುಗೈ, 1550 ನ್ಯಾನೋಮೀಟರ್‌ನಲ್ಲಿ ಡಿಗ್ರಿಗೆ ಸುಮಾರು +0.00018. ಕೊಲಾಜೆನ್ ಎಂಬ ಪ್ರೋಟೀನಿನ ರಚನೆಗೆ ಹೆಸರಾದ ಜಿ.ಎನ್. ರಾಮಚಂದ್ರನ್ ಗೊತ್ತಲ್ಲ, ಅವರು 1940ರ ದಶಕದಲ್ಲಿ ಬೆಂಗಳೂರಿನ ಐಐಎಸ್‌ಸಿಯಲ್ಲಿದ್ದಾಗ ವಜ್ರದಂಥ ಹರಳುಗಳಲ್ಲಿ ಕಾದಾಗ ಸೂಚ್ಯಂಕ ಬದಲಾಗುವುದನ್ನೇ ಅಧ್ಯಯನ ಮಾಡಿದ್ದರು. ನನಗಂತೂ ಅದು ತುಂಬಾ ಹೆಮ್ಮೆಯ ವಿಷಯ.

ಉತ್ತರ 3:
ಥರ್ಮೋಕಪಲ್ (ಉಷ್ಣತೆ ಅಳೆಯುವ ತಂತಿ) ಎಲ್ಲಿಟ್ಟಿದ್ದೀರಿ? ಹೀಟರ್ ಬ್ಲಾಕಿಗಲ್ಲ, ಬಿಲ್ಲೆಯ ಅಂಚಿಗೇ ತಾಗಿರಬೇಕು. ನಿಮಿಷಕ್ಕೆ 1 ಡಿಗ್ರಿಯಂತೆ ನಿಧಾನವಾಗಿ ಏರಿಸಿ. ಈ ಹರಳು ದಿಢೀರ್ ಬಿಸಿ-ತಂಪು ತಡೆಯುವುದಿಲ್ಲ. ನಾನೊಮ್ಮೆ 80 ಡಿಗ್ರಿಯಲ್ಲಿ ಮುಚ್ಚಳ ತೆಗೆದುಬಿಟ್ಟೆ, ಟಿಕ್ ಅಂತ ಸದ್ದಾಯಿತು, ನೋಡಿದರೆ ಅಡ್ಡಡ್ಡ ಕೂದಲೆಳೆಯಂಥ ಬಿರುಕು. ತಣಿಯುವಾಗಲೂ ಎಣಿಸಿ, ಎರಡೂ ಲೆಕ್ಕ ಹೊಂದಬೇಕು.

ಪ್ರಶ್ನೆ ಕೇಳಿದವರು:
ಥರ್ಮೋಕಪಲ್ ಬ್ಲಾಕಿನಲ್ಲೇ ಇತ್ತು, ಈಗ ಬದಲಾಯಿಸಿದೆ. ಎಲ್ಲರಿಗೂ ಥ್ಯಾಂಕ್ಸ್! ಮುಂದಿನ ವಾರ ಕ್ವಾರ್ಟ್ಸ್.

ಉತ್ತರ 1:
ಹಾಗಾದರೆ ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಫಿಲ್ಟರ್) ತಂದಿಟ್ಟುಕೊಳ್ಳಿ. ಕಂಪನದ ದಿಕ್ಕಿಗೆ ತಕ್ಕಂತೆ ಕ್ವಾರ್ಟ್ಸ್‌ಗೆ ಎರಡು ಸೂಚ್ಯಂಕ, ಎರಡೂ ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಹಿಗ್ಗುವುದೂ ದಿಕ್ಕಿಗೊಂದು ಥರ, ಬಿಲ್ಲೆ ಯಾವ ಅಕ್ಷಕ್ಕೆ ಕತ್ತರಿಸಿದ್ದು ಅಂತ ಮೊದಲೇ ಕೇಳಿಕೊಳ್ಳಿ.